ಹುಟ್ಟುವಾಗಲೇ ಮುದಿಯಾದ ಮಾರುತ

ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ಟ್ರಾಫಿಕ್‌ಗೆ ಸಿಕ್ಕಿಹಾಕಿಕೊಂಡು ಗೊಣಗಿದವರು ಲೆಕ್ಕವಿಲ್ಲದಷ್ಟು ಜನ. ನಾನೂ ಅವರಲ್ಲೊಬ್ಬ. ಆದ್ರೆ ಈ ಸುರಂಜನ್ ದಾಸ್ ಯಾರು ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ತಾರೆ. ವರ್ಷಗಟ್ಟಲೆ ಅಲ್ಲೇ ಓಡಾಡಿದ ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. 26ನೇ ತಾರೀಕು ಚಂಡೀಗಢದಲ್ಲಿ ಮಿಗ್-21 ವಿಮಾನಕ್ಕೆ ವಿದಾಯ. ಆ ದಿನದ ಕಾರ್ಯಕ್ರಮಕ್ಕೆ ಹಳೇ ದಾಖಲೆಗಳನ್ನು ತಿರುವಿಹಾಕ್ತಾ ಇದ್ದೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: 1963ರಲ್ಲಿ ಬಂದ ವಿಮಾನವನ್ನು 62 ವರ್ಷ ಯಾಕೆ ಹಾರಿಸಿದ್ರು? ಇದಕ್ಕೆ ಉತ್ತರ ಹುಡುಕ್ತಾ ಹೋದರೆ ನೀವು ಬಂದು ನಿಲ್ಲೋದು ನಮ್ಮ ಬೆಂಗಳೂರಿಗೇ.

1956ರಲ್ಲಿ ಜರ್ಮನಿಯ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದ. ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಫೋಕ್-ವುಲ್ಫ್ 190 ವಿಮಾನದ ವಿನ್ಯಾಸಕಾರ ಈತ. ನಮ್ಮ ಎಚ್‌ಎಎಲ್ ಎಂಜಿನಿಯರ್‌ಗಳ ಜೊತೆ ಸೇರಿ ಎಚ್‌ಎಫ್-24 ಮಾರುತ ವಿಮಾನ ರೂಪಿಸಿದ. 1961ರ ಜೂನ್ 17ರಂದು ಅದನ್ನು ಮೊದಲ ಬಾರಿಗೆ ಆಕಾಶಕ್ಕೇರಿಸಿದವರೇ ವಿಂಗ್ ಕಮಾಂಡರ್ ಸುರಂಜನ್ ದಾಸ್. ಸ್ವಾತಂತ್ರ್ಯ ಬಂದು ಬರೀ 14 ವರ್ಷ. ಭಾರತದ್ದೇ ಜೆಟ್ ಯುದ್ಧವಿಮಾನ! ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಎಡವಿದ್ದು ಎಲ್ಲಿ ಗೊತ್ತಾ? ಎಂಜಿನ್‌ನಲ್ಲಿ. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಹೊಲಿದ ಅಂಗಿ ಅದು. ಅದಕ್ಕೆ ಬೇಕಾಗಿದ್ದ ಬ್ರಿಟನ್ನಿನ ಶಕ್ತಿಶಾಲಿ ಆರ್ಫಿಯಸ್ ಎಂಜಿನ್ ಇನ್ನೂ ಅಭಿವೃದ್ಧಿಯ ಹಂತದಲ್ಲಿತ್ತು. ಅದರ ಖರ್ಚು ನೀವು ಕೊಡಿ ಅಂದ್ರು ಬ್ರಿಟಿಷರು. ದೆಹಲಿ ಒಪ್ಪಲಿಲ್ಲ. ಕೊನೆಗೆ ಅದೇ ಆರ್ಫಿಯಸ್‌ನ ಚಿಕ್ಕ ಮಾದರಿಯನ್ನೇ ಎರಡೆರಡು ಕೂರಿಸಿದರು. ಈಜಿಪ್ಟಿನ ಎಂಜಿನ್ನನ್ನೂ ಪರೀಕ್ಷಿಸಿ ನೋಡಿದ್ದಾಯ್ತು, ಕೈಹಿಡಿಯಲಿಲ್ಲ. ಮಾರುತ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಅತ್ತ ಅದರ ಎರಡು ಪಟ್ಟು ವೇಗದ ಮಿಗ್-21 ರಷ್ಯಾದಿಂದ ಬಂದೇಬಿಟ್ಟಿತು.

ನೋಡಿ, ಯುದ್ಧವಿಮಾನಕ್ಕೆ ವಯಸ್ಸಾಗೋದು ಕ್ಯಾಲೆಂಡರ್‌ನಿಂದ ಮಾತ್ರ ಅಲ್ಲ. ಎದುರಾಳಿಯ ವಿಮಾನ ಎಲ್ಲಿಗೆ ಮುಟ್ಟಿದೆ ಅನ್ನೋದೇ ಅದರ ನಿಜವಾದ ವಯಸ್ಸು. ಆ ಲೆಕ್ಕದಲ್ಲಿ ಮಾರುತ ಹುಟ್ಟುವಾಗಲೇ ಮುದಿ.

ಎಚ್‌ಎಎಲ್ ಸುಮ್ಮನೆ ಕೂರಲಿಲ್ಲ. ಎಂಜಿನ್ನಿನ ಬಿಸಿ ಅನಿಲದಲ್ಲಿ ಮತ್ತಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಜೋಡಿಸಿತು. 1970ರ ಜನವರಿ 10ರಂದು ಅಂಥದ್ದೇ ಮಾರುತ ಬೆಂಗಳೂರಿನಲ್ಲಿ ಪತನವಾಯಿತು. ಒಳಗಿದ್ದವರು ಸುರಂಜನ್ ದಾಸ್. ನಾವು ಹಾರ್ನ್ ಬಾರಿಸುವ ರಸ್ತೆಗೆ ಹೆಸರು ಬಂದಿದ್ದು ಹೀಗೆ.

1971ರ ಯುದ್ಧದಲ್ಲಿ ಇದೇ ಮಾರುತ ರಾಜಸ್ಥಾನದ ಮರಳುಗಾಡಿನಲ್ಲಿ ಪಾಕಿಸ್ತಾನದ ಪಡೆಗಳ ಮೇಲೆ ದಾಳಿ ಮಾಡಿ ಸೈ ಅನ್ನಿಸಿಕೊಂಡಿತು. ದೇಹ ಗಟ್ಟಿಯಿತ್ತು, ಎದೆಯೊಳಗೆ ಬಲ ಇರಲಿಲ್ಲ ಅಷ್ಟೇ. ತಯಾರಾಗಿದ್ದು 147. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿ. ಮಿಗ್-21 ಮಾತ್ರ ಹೊಸ ರೇಡಾರ್, ಹೊಸ ಕ್ಷಿಪಣಿ ತೊಟ್ಟು ‘ಬೈಸನ್’ ಆಗಿ ಇನ್ನೂ ಬಾಳಿತು. ಬಾಳಲೇಬೇಕಿತ್ತು. ಯಾಕಂದ್ರೆ ಅದರ ಜಾಗಕ್ಕೆ ಬರಬೇಕಾದ ತೇಜಸ್ ಬರೋದು ತಡವಾಯಿತು.

ಆ ತೇಜಸ್ ಕಥೆಯೇನು? 1983ರಲ್ಲಿ ಯೋಜನೆ, 2001ರ ಜನವರಿ 4ರಂದು ಮೊದಲ ಹಾರಾಟ. ಅದಕ್ಕೆಂದೇ 1989ರಲ್ಲಿ ಶುರುಮಾಡಿದ ನಮ್ಮದೇ ಕಾವೇರಿ ಎಂಜಿನ್ ಬೇಕಾದ ಬಲ ಕೊಡಲಿಲ್ಲ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಈಗಿರೋದು ಅಮೆರಿಕದ ಎಂಜಿನ್. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಆರ್ಡರ್ ಆಯ್ತು. ಅದರ ಮೊದಲ ಎಂಜಿನ್ ಅಲ್ಲಿಂದ ಬಂದಿದ್ದು 2025ರ ಮಾರ್ಚ್‌ನಲ್ಲಿ!

ಅರವತ್ತು ವರ್ಷದ ಹಿಂದೆ ಎಂಜಿನ್‌ಗೆ ದುಡ್ಡು ಯಾಕೆ ಅಂದ್ವಿ. ಇವತ್ತೂ ಎಂಜಿನ್‌ಗೇ ಕಾಯ್ತಾ ಇದ್ದೀವಿ. ಮುಂದಿನ ಸಲ ಸುರಂಜನ್ ದಾಸ್ ರಸ್ತೆಯಲ್ಲಿ ಸಿಗ್ನಲ್ ಬಿದ್ದಾಗ ಆ ಬೋರ್ಡನ್ನು ಒಮ್ಮೆ ಓದಿ. ನಾನಂತೂ ಈಗ ಅಲ್ಲಿ ಹಾರ್ನ್ ಬಾರಿಸೋದಿಲ್ಲ.