ಪಾಯ್‌ಪೇಟಿಯಿಂದ ಮಿಡಿ ಪೆಡಲಿನವರೆಗೆ



‘ಮಿಡಿ’ ಅಂದರೆ ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಉಪ್ಪಿನಕಾಯಿ ಭರಣಿಯಲ್ಲಿ ಕೂತಿರುವ ಮಾವಿನ ಮಿಡಿ ಒಂದು. ತಂತಿ ಮಿಡಿಯುವುದು, ಮನಸ್ಸು ಮಿಡಿಯುವುದು ಇನ್ನೊಂದು. ಮೂರನೆಯದೂ ಒಂದಿದೆ. ಅದು ಇಂಗ್ಲಿಷಿನ ಮಿಡಿ, ಅಂದರೆ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್. ವಾದ್ಯ ವಾದ್ಯಗಳು, ವಾದ್ಯ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಭಾಷೆ. ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತ ನನಗೆ ಈ ಭಾಷೆ ಬರುವುದಿಲ್ಲ. ಆದರೂ ಒಂದು ಭಾನುವಾರ ಪೂರ್ತಿ ಅದರ ಪಾಠ ಕೇಳುವ ಯೋಗ ಬಂತು.

ಡೊಂಬಿವಲಿಯಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ಭಾವಗೀತೆ ಹಾಡುತ್ತಾರೆ. ರಾಜ್ಯೋತ್ಸವ ಬಂತೆಂದರೆ ಕನ್ನಡ ಸಂಘಗಳಿಂದ ಕರೆ ಬರುತ್ತದೆ. ಮೊದಲೆಲ್ಲ ಅವರ ಜೊತೆಗೆ ತಬಲಾದವರು, ಹಾರ್ಮೋನಿಯಂ ಮೇಷ್ಟ್ರು, ಒಮ್ಮೊಮ್ಮೆ ಕೊಳಲಿನವರೂ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಬರುತ್ತಿದ್ದರು. ಈಗ ಗೆಳೆಯರೊಬ್ಬರೇ ಬರುತ್ತಾರೆ. ಹೆಗಲಲ್ಲಿ ಲ್ಯಾಪ್‌ಟಾಪ್, ಕೈಯಲ್ಲಿ ಕರಿಯ ಹಲಗೆಯಂಥ ಒಂದು ಯಂತ್ರ. ಅದರ ಮೇಲೆ ಕಾಲಿನಿಂದ ಒತ್ತುವ ಹತ್ತು ಗುಂಡಿ, ಬಲಗಡೆ ಎರಡು ಪೆಡಲು. ಹಾಡುತ್ತ ಹಾಡುತ್ತಲೇ ಕಾಲಿನಿಂದ ತಾಳ ಶುರು ಮಾಡುತ್ತಾರೆ, ತಂಬೂರಿ ಏರಿಸುತ್ತಾರೆ, ಪಲ್ಲವಿ ಮುಗಿದೊಡನೆ ಕೊಳಲನ್ನು ಕರೆಯುತ್ತಾರೆ.

ಜನಕ್ಕೆ ಬೆರಗು. ನನಗೂ ಬೆರಗೇ. ಆದರೆ ಖಾಲಿ ವೇದಿಕೆ ನೋಡಿ ಮನಸ್ಸಿಗೆ ಏನೋ ಕಸಿವಿಸಿ. ಸಂಗೀತದಲ್ಲಿ ಕಾಲಿಗೆ ಕೆಲಸ ಕೊಟ್ಟದ್ದು ಇದೇ ಮೊದಲೇ ಎಂದು ಹುಡುಕುತ್ತ ಹೋದೆ. ಅಲ್ಲವೇ ಅಲ್ಲ!

ನಮ್ಮ ಮುಂಬಯಿಯ ಮರಾಠಿ ನಾಟಕದವರು ‘ಪಾಯ್‌ಪೇಟಿ’ ಎನ್ನುತ್ತಿದ್ದ ಹಾರ್ಮೋನಿಯಂ ಗೊತ್ತಲ್ಲ? ನಮ್ಮ ಕಂಪನಿ ನಾಟಕಗಳಲ್ಲಿ ಅದೇ ಕಾಲು ಹಾರ್ಮೋನಿಯಂ. ಅದರ ಮೂಲ ಪ್ಯಾರಿಸ್. ಅಲೆಕ್ಸಾಂಡರ್ ದೆಬಾಯಿನ್ ಎಂಬಾತ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಮೇಜಿನಂಥ ವಾದ್ಯ, ಕೆಳಗೆ ಎರಡು ಮೆಟ್ಟು. ಎಡಗಾಲು ಬಲಗಾಲು ಒಂದಾದ ಮೇಲೊಂದು ತುಳಿದರೆ ತಿದಿಗೆ ಗಾಳಿ ತುಂಬಿ, ಹಿತ್ತಾಳೆಯ ನಾಲಗೆಗಳು ನುಡಿಯುತ್ತವೆ. ತುಳಿದ ಗಾಳಿ ಮೊದಲು ಒಂದು ಉಗ್ರಾಣದಲ್ಲಿ ನಿಂತು, ಅಲ್ಲಿಂದ ಸಮನಾಗಿ ಹೊರಡುತ್ತದೆ. ಆದರೆ ‘ಎಕ್ಸ್‌ಪ್ರೆಶನ್’ ಎಂಬ ಒಂದು ಗುಬಟನ್ನು ಎಳೆದರೆ ಆ ಉಗ್ರಾಣದ ದಾರಿ ಮುಚ್ಚಿ, ಕಾಲಿನ ಗಾಳಿ ನೇರವಾಗಿ ನಾಲಗೆಗೆ ಹೋಗುತ್ತದೆ. ಆಗ ಮೆಲ್ಲಗೆ ತುಳಿದರೆ ಮೆಲ್ಲನೆಯ ದನಿ, ಜೋರಾಗಿ ತುಳಿದರೆ ಜೋರು ದನಿ. ಕಾಲು ತಪ್ಪಿದರೆ ದನಿಯೂ ನಡುಗುತ್ತದೆ. ಈ ಎಕ್ಸ್‌ಪ್ರೆಶನ್ ಎಂಬ ಪದವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡೂ ಕೈ ಬಿಡುವಾಗಿದ್ದರಿಂದ ಪೇಟಿ ಮಾಸ್ತರರು ನಾಟಕದ ಹಾಡನ್ನು ತುಂಬಿ ನುಡಿಸುತ್ತಿದ್ದರು. ನಟ ಉಸಿರು ಎಳೆದುಕೊಳ್ಳುವ ಜಾಗವನ್ನೂ ಅವರೇ ಮುಚ್ಚಬೇಕು, ಮುಂದಿನ ಸಾಲನ್ನೂ ಅವರೇ ಎತ್ತಿಕೊಡಬೇಕು. ಗೋವಿಂದರಾವ್ ಟೆಂಬೆ ಅಂಥ ದೊಡ್ಡ ಹಾರ್ಮೋನಿಯಂ ವಾದಕರು. 1911ರಲ್ಲಿ ಮುಂಬಯಿಯಲ್ಲಿ ಮೊದಲ ಪ್ರಯೋಗ ಕಂಡ ‘ಮಾನಾಪಮಾನ’ದ ಹಾಡುಗಳಿಗೆ ಮಟ್ಟು ಹಾಕಿದವರು ಅವರೇ. ಎರಡು ವರ್ಷದ ನಂತರ ಬಾಲಗಂಧರ್ವರ ಜೊತೆ ಸೇರಿ ಗಂಧರ್ವ ನಾಟಕ ಮಂಡಳಿ ಕಟ್ಟಿದವರಲ್ಲೂ ಒಬ್ಬರು. ಇದರಲ್ಲಿ ನಮಗೇನು ಎಂದೀರಾ? ಈ ಸಂಗೀತ ನಾಟಕಕ್ಕೆ ತಳಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದೇ 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿಯ ಮೊದಲ ನಾಟಕವನ್ನು ಆಡಿಸಿದ್ದು, ಉತ್ತರ ಕನ್ನಡದ ಭಾಗವತರ ಆಟ ನೋಡಿದ ಮೇಲೆ. ಹಾಗಾಗಿ ಪೇಟಿಯ ಮುಂದೆ ನಾವೂ ಸ್ವಲ್ಪ ಕಾಲು ಚಾಚಿ ಕೂರಬಹುದು.

ಆಮೇಲೆ ಕಾಲಿಗೆ ರಜೆ ಬಂತು. 19ನೇ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು ತಿದಿಯನ್ನು ಪೆಟ್ಟಿಗೆಯ ಬೆನ್ನಿಗೆ ತಂದು, ಅದನ್ನು ಎಡಗೈಗೆ ಒಪ್ಪಿಸಿದರು. ನಮ್ಮವರು ನೆಲದ ಮೇಲೆ ಕೂತು ಹಾಡುವವರು. ಕಾಲು ಮಡಿಸಿ ಕೂತರೆ ಮೆಟ್ಟು ತುಳಿಯುವುದು ಹೇಗೆ? ವಾದ್ಯ ಚಿಕ್ಕದಾಯಿತು, ಹಗುರಾಯಿತು, ಹಾಡುವವರೇ ನುಡಿಸಿಕೊಳ್ಳುವಂತಾಯಿತು. ಒಂದು ಕೈ ಗಾಳಿಗೆ ಹೋಯಿತು ನಿಜ. ಆದರೆ ಒಂದು ಸ್ವರದ ಬೆನ್ನಿಗೆ ಇನ್ನೊಂದು ಸ್ವರ ಹಿಡಿದು ಹೋಗುವ ನಮ್ಮ ಸಂಗೀತಕ್ಕೆ ಬಲಗೈ ಒಂದೇ ಸಾಕು.

ಇಲ್ಲೊಂದು ಮಾತು, ತುಸು ನಾಚಿಕೆಯಿಂದ. ಈ ಹಾರ್ಮೋನಿಯಂ ಅನ್ನು ಹೊರಗೆ ಹಾಕಿದವರು ನಮ್ಮ ರೇಡಿಯೋ ಕುಲದವರೇ! 1940ರ ಮಾರ್ಚ್‌ನಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ಸಾಥಿಗೆ ನಿಷೇಧ. ಅದರ ಸ್ವರಗಳು ಕಟ್ಟಿಟ್ಟವು, ಮೀಂಡ್ ಬರುವುದಿಲ್ಲ, ನಮ್ಮ ಶ್ರುತಿಗೆ ಒಗ್ಗುವುದಿಲ್ಲ ಎಂಬುದು ಆಕ್ಷೇಪ. 1971ರಲ್ಲಿ ಈ ನಿರ್ಬಂಧ ಭಾಗಶಃ ಸಡಿಲವಾಯಿತು. ಮೂವತ್ತು ವರ್ಷಕ್ಕೂ ಮೀರಿ ಹಾರ್ಮೋನಿಯಂ ಮೇಷ್ಟ್ರುಗಳು ಆಕಾಶವಾಣಿಯ ಬಾಗಿಲಾಚೆ ನಿಂತಿದ್ದರು. ಆಕ್ಷೇಪದಲ್ಲಿ ಹುರುಳಿತ್ತು, ಆದರೆ ಶಿಕ್ಷೆ ಅತಿಯಾಯಿತು ಎಂದೇ ನನ್ನ ಅನಿಸಿಕೆ.

ಈಗ ಮುಂಬಯಿಯ ಸಿನಿಮಾ ಸಂಗೀತಕ್ಕೆ ಬನ್ನಿ. ತಾಡದೇವಿನ ಫಿಲ್ಮ್ ಸೆಂಟರ್, ಬಾಂದ್ರಾದ ಮೆಹಬೂಬ್ ಮುಂತಾದ ಸ್ಟುಡಿಯೋಗಳಲ್ಲಿ ಒಂದು ಹಾಡಿಗೆ ಹತ್ತಾರು ಪಿಟೀಲುಗಳು ಒಟ್ಟಿಗೆ ಕೂರುತ್ತಿದ್ದ ಕಾಲ. ‘ಆರಾಧನಾ’ದ ಹಾಡಿಗೆ ಅಕಾರ್ಡಿಯನ್ ನುಡಿಸಿದ ಕೇರ್ಸಿ ಲಾರ್ಡ್ ಅವರೇ 1970ರ ದಶಕದಲ್ಲಿ ಮೂಗ್ ಸಿಂಥಸೈಸರನ್ನೂ ಇಲ್ಲಿಗೆ ತಂದರು. 1982ರಲ್ಲಿ ಸ್ಟುಡಿಯೋ ಕಲಾವಿದ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳದಲ್ಲಿ ನುಡಿಸಿ ಎಚ್‌.ಎಂ.ವಿ.ಗೆ ಒಂದು ರೆಕಾರ್ಡ್ ಮಾಡಿದರು. ಆಗ ಕೇಳಿದವರು ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ ಜಗತ್ತು ಬೆಚ್ಚಿ ತಿರುಗಿ ನೋಡಿತು. ಅವರ ಡ್ರಮ್ ಯಂತ್ರ, ಬೇಸ್ ಯಂತ್ರ ಒಂದೇ ಲಯದಲ್ಲಿ ಓಡಬಹುದಾಗಿದ್ದದ್ದು ರೋಲ್ಯಾಂಡಿನವರದೇ ಒಂದು ತಂತಿಯಿಂದ. ಅದರಲ್ಲಿ ಹೋಗುತ್ತಿದ್ದದ್ದು ಲಯ ಮಾತ್ರ, ಸ್ವರವಲ್ಲ. ಬೇರೆ ಕಂಪನಿಯವರ ಭಾಷೆಯೇ ಬೇರೆ.

ಈ ಭಾಷಾ ಜಗಳವನ್ನು ತೀರಿಸಿದ್ದು ಮಿಡಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಸ್ಥಾಪಕ ಇಕುತಾರೋ ಕಾಕೆಹಾಶಿ ಮುಂದೆ ನಿಂತು, ಪೈಪೋಟಿಯ ಕಂಪನಿಗಳನ್ನು ಒಪ್ಪಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ರದರ್ಶನವೊಂದರಲ್ಲಿ ಇಬ್ಬರ ವಾದ್ಯಗಳನ್ನು ಐದು ಮೊಳೆಯ ಪ್ಲಗ್ಗಿನ ತಂತಿಯಿಂದ ಜೋಡಿಸಿದರು. ಇದನ್ನು ನುಡಿಸಿದರೆ ಅದು ಹಾಡಿತು. ತಂತಿಯೊಳಗೆ ನಾದ ಹೋಗುವುದಿಲ್ಲ, ಗಮನಿಸಿ. ಹೋಗುವುದು ಬರೀ ಸುದ್ದಿ: ಯಾವ ಮನೆ ಒತ್ತಿದ್ದು, ಎಷ್ಟು ಜೋರಾಗಿ, ಯಾವಾಗ ಬಿಟ್ಟದ್ದು. ಪ್ರತಿ ಸುದ್ದಿಗೂ 0ಯಿಂದ 127ರವರೆಗೆ ಒಂದು ಅಂಕಿ. ಒಂದೇ ತಂತಿಯಲ್ಲಿ 16 ಚಾನಲ್.

ಒಬ್ಬನೇ ಕೂತು ಇಡೀ ಮೇಳ ನುಡಿಸಬಹುದೆಂದಾದ ಮೇಲೆ ಮೇಳವೇಕೆ? 1990ರ ದಶಕ ಮುಗಿಯುವ ಹೊತ್ತಿಗೆ ಮುಂಬಯಿಯ ದೊಡ್ಡ ವಾದ್ಯಗೋಷ್ಠಿಗಳು ಚದುರಿಹೋದವು. ಇದನ್ನು ಮಿಡಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಲವು ಟ್ರ್ಯಾಕಿನ ರೆಕಾರ್ಡಿಂಗ್ ಬಂದು, ಎಲ್ಲರೂ ಒಟ್ಟಿಗೆ ಕೂರುವ ಅಗತ್ಯವೇ ತಪ್ಪಿತ್ತು. ಆದರೆ ಗೋವಾದಿಂದ ಬಂದು ತಲೆಮಾರುಗಟ್ಟಲೆ ಪಿಟೀಲು, ಟ್ರಂಪೆಟ್ ನುಡಿಸಿದ ಮನೆಗಳಿಗೆ ಈ ವಿವರದಿಂದ ಏನು ಸಮಾಧಾನ?

ಆ ಭಾನುವಾರಕ್ಕೆ ವಾಪಸು ಬರೋಣ. ಗೆಳೆಯರು ಹಲಗೆಯನ್ನು ಹೊಸ ಲ್ಯಾಪ್‌ಟಾಪಿಗೆ ಜೋಡಿಸಬೇಕಿತ್ತು. ನನ್ನ ಕೆಲಸ ತಂತಿ ಹಿಡಿಯುವುದು. ಹಲಗೆಯಲ್ಲಿ ಇರುವುದು ಹಳೆಯ ಐದು ಮೊಳೆಯ ಕಿಂಡಿ, ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ. ನಡುವೆ ಒಂದು ಪುಟ್ಟ ಇಂಟರ್‌ಫೇಸ್ ಬೇಕು. ಹಲಗೆಯ ಔಟ್ ತಂತಿ ಇಂಟರ್‌ಫೇಸಿನ ಇನ್‌ಗೆ ಹೋಗಬೇಕು. ನಾನು ಔಟ್‌ಗೆ ಔಟ್ ಸಿಕ್ಕಿಸಿ ಅರ್ಧ ಗಂಟೆ ಹಾಳು ಮಾಡಿದೆ. ಅವರದು ಏಬಲ್‌ಟನ್ ಲೈವ್ ಎಂಬ ಸಾಫ್ಟ್‌ವೇರ್. ಅದರ ಮಿಡಿ ಸೆಟ್ಟಿಂಗಿನಲ್ಲಿ ಈ ಇಂಟರ್‌ಫೇಸಿನ ಎದುರು ‘ರಿಮೋಟ್’ ಎಂಬುದನ್ನು ಆನ್ ಮಾಡದಿದ್ದರೆ ಕಾಲು ಎಷ್ಟು ಕುಟ್ಟಿದರೂ ಅದಕ್ಕೆ ಕೇಳಿಸುವುದಿಲ್ಲ. ಆಮೇಲೆ ಸುಲಭ: ಮಿಡಿ ಮ್ಯಾಪ್ ಒತ್ತಿ, ತೆರೆಯ ಮೇಲೆ ತಾಳದ ಗುಂಡಿಯನ್ನು ಆರಿಸಿ, ಕಾಲಿನಿಂದ ಒಂದನೇ ಗುಂಡಿ ತುಳಿದರೆ ಎರಡಕ್ಕೂ ನಂಟು ಬೆಸೆಯಿತು.

ಒಂದು ತೊಡಕು ಮಾತ್ರ ಬಹಳ ಕಾಡಿತು. ಗುಂಡಿಯನ್ನು ಎರಡು ಸಲ ತುಳಿದರೇ ಕೆಲಸ ಆಗುತ್ತಿತ್ತು. ಕಾರಣ, ಹಲಗೆ ಮೊದಲ ತುಳಿತಕ್ಕೆ 127, ಎರಡನೆಯದಕ್ಕೆ 0 ಕಳಿಸುವ ಕ್ರಮದಲ್ಲಿತ್ತು. ಸಾಫ್ಟ್‌ವೇರ್ 127 ಬಂದಾಗ ಮಾತ್ರ ಹೊರಳುತ್ತಿತ್ತು. ಒತ್ತಿದಾಗ 127, ಬಿಟ್ಟಾಗ 0 ಎಂಬ ಕ್ರಮಕ್ಕೆ ಹಲಗೆಯನ್ನು ಬದಲಿಸಿದ ಮೇಲೆ ಸರಿಹೋಯಿತು. ಕೊನೆಗೆ ಬಲಗಡೆಯ ಪೆಡಲು. ಅದು ಮಿಡಿಯಲ್ಲಿ 11ನೇ ಕಂಟ್ರೋಲರ್. ಅದರ ಹೆಸರೇನು ಗೊತ್ತೇ? ಎಕ್ಸ್‌ಪ್ರೆಶನ್!

ಅಷ್ಟರಲ್ಲಿ ಹಾರ್ಮೋನಿಯಂ ಮೇಷ್ಟ್ರು ಬಂದರು. ಮುಲುಂಡಿನಿಂದ ಚಹಾಕ್ಕೆಂದು ಗೆಳೆಯರೇ ಕರೆದಿದ್ದರು. ಎಪ್ಪತ್ತೈದು ದಾಟಿದ ಹುಬ್ಬಳ್ಳಿ ಕಡೆಯವರು. ಹುಡುಗರಿದ್ದಾಗ ನಾಟಕ ಕಂಪನಿಯಲ್ಲಿ ಕಾಲು ಹಾರ್ಮೋನಿಯಂ ತುಳಿದವರು ಎಂಬುದು ಅಂದೇ ನಮಗೆ ಗೊತ್ತಾದದ್ದು. ಚಪ್ಪಲಿ ಬಿಟ್ಟು ಪಾದವನ್ನು ಪೆಡಲಿನ ಮೇಲಿಟ್ಟರು. ಗೆಳೆಯರು ಕಂಪ್ಯೂಟರಿನಲ್ಲಿ ಹಾರ್ಮೋನಿಯಂ ದನಿ ಹಿಡಿದರು. ಮೇಷ್ಟ್ರು ಹಿಮ್ಮಡಿ ಎತ್ತಿ ಮೆಲ್ಲಗೆ ಮುಂಗಾಲಿಗೆ ಭಾರ ಬಿಟ್ಟರು, ಮತ್ತೆ ಹಿಂದೆಳೆದರು. ಕಣ್ಣು ಮುಚ್ಚಿತ್ತು.

“ಪೂರ್ತಿ ತುಳದೀನಿ, ದನಿ ಪೂರ್ತಿ ಬರವಲ್ದು ನೋಡ್ರಿ” ಅಂದರು.

ಗೆಳೆಯರು ತೆರೆಯತ್ತ ಬಗ್ಗಿದರು. ಅಂಕಿ 112ಕ್ಕೆ ನಿಂತಿತ್ತು. ಇಷ್ಟು ತಿಂಗಳು ಹಾಡಿದ ಗೆಳೆಯರ ಕಿವಿಗೂ ಬೀಳದ ಕೊರತೆ. ಕೈಪಿಡಿ ತೆರೆದು ಪೆಡಲಿನ ಮೇಲಿನ ಕೊನೆ, ಕೆಳಗಿನ ಕೊನೆ ಎರಡನ್ನೂ ಮತ್ತೆ ಗುರುತು ಮಾಡಿಸಿದೆವು. ಮೇಷ್ಟ್ರು ಇನ್ನೊಮ್ಮೆ ತುಳಿದರು. 127. ತಲೆಯಾಡಿಸಿ, ತಣ್ಣಗಾದ ಚಹಾ ಎತ್ತಿಕೊಂಡು, “ಇದಕ್ಕ ಗಾಳಿ ಯಾರು ಹಾಕತಾರ್ರೀ?” ಎಂದು ಕೇಳಿದರು.

“ಎಂಎಸ್‌ಇಡಿಸಿಎಲ್‌ನವರು” ಅಂದೆ ನಾನು. ಅವರು ನಕ್ಕರು. ಗೆಳೆಯರು ಆಗಲೇ ಮುಂದಿನ ಕಾರ್ಯಕ್ರಮದ ತಾರೀಖು ಹೇಳಿ, ಆವತ್ತು ಮೇಷ್ಟ್ರಿಗೆ ಬಿಡುವಿದೆಯೇ ಎಂದು ವಿಚಾರಿಸುತ್ತಿದ್ದರು.