ಹುಟ್ಟಿದ ಮನೆ, ಒಪ್ಪಿದ ಮನೆ



‘ನೀವು ಯಾವ ಕಡೆಯವರು?’ ಎರಡು ಭಾಷೆಯ ಊರಿನಲ್ಲಿ ಬಾಳುವ ನಮಗೆ ಈ ಪ್ರಶ್ನೆ ಹೊಸದಲ್ಲ. ದೂರದ ಬೋಸ್ನಿಯಾದಲ್ಲಿ ಹುಟ್ಟಿದ ಕಾದಂಬರಿಕಾರರೊಬ್ಬರನ್ನು ಈ ಪ್ರಶ್ನೆ ಬದುಕಿದ್ದಾಗ ಕಾಡಿತು. ಸತ್ತ ಮೇಲೂ ಬಿಟ್ಟಿಲ್ಲ. ಅವರೇ ಮೆಶಾ ಸೆಲಿಮೊವಿಚ್.

1910ರಲ್ಲಿ ತುಜ್ಲಾ ಪಟ್ಟಣದ ಮುಸ್ಲಿಂ ಮನೆತನದಲ್ಲಿ ಅವರ ಜನನ. ಉನ್ನತ ವ್ಯಾಸಂಗ ಸೆರ್ಬಿಯಾದ ಬೆಲ್‌ಗ್ರೇಡ್ ನಗರದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಟಿಟೊ ನಾಯಕತ್ವದ ಕಮ್ಯುನಿಸ್ಟ್ ಪಡೆ ಸೇರಿ ನಾಜಿಗಳ ವಿರುದ್ಧ ನಿಂತರು. 1944ರ ಕೊನೆಯಲ್ಲಿ ಅದೇ ಪಡೆ ಅವರ ಸ್ವಂತ ಸೋದರನನ್ನು ಗುಂಡಿಕ್ಕಿ ಕೊಂದಿತು. ಹೊರಿಸಿದ ಅಪರಾಧ, ಉಗ್ರಾಣದಿಂದ ಕೆಲವು ಪೀಠೋಪಕರಣ ಒಯ್ದದ್ದು! ಆ ಸಂಕಟವೇ 1966ರಲ್ಲಿ ‘ದರವೇಶಿ ಮತ್ತು ಸಾವು’ ಎಂಬ ಕಾದಂಬರಿಯಾಯಿತು. ಕಥೆ ನಡೆಯುವುದು ತುರ್ಕರ ಆಳ್ವಿಕೆಯ ಬೋಸ್ನಿಯಾದಲ್ಲಿ. ಕಥಾನಾಯಕ, ಸೆರೆಯಲ್ಲಿರುವ ತಮ್ಮನಿಗಾಗಿ ನ್ಯಾಯ ಕೇಳಹೊರಟ ಒಬ್ಬ ದರವೇಶಿ.

ಆಗ ಇವೆಲ್ಲ ಯುಗೊಸ್ಲಾವಿಯಾ ಎಂಬ ಒಂದೇ ದೇಶ. 1971ರ ಜನಗಣತಿಯಲ್ಲಿ ಬೋಸ್ನಿಯಾದ ಮುಸ್ಲಿಮರನ್ನು ಪ್ರತ್ಯೇಕ ಜನಾಂಗವೆಂದು ಎಣಿಸಲಾಯಿತು. ಸಾಹಿತಿಗಳನ್ನೂ ಹಂಚಿಕೊಳ್ಳುವ ಮಾತು ಬಂತು. ಸೆಲಿಮೊವಿಚ್ ಅಷ್ಟರಲ್ಲಿ ಸರಾಯೆವೊ ಬಿಟ್ಟು ಬೆಲ್‌ಗ್ರೇಡಿನಲ್ಲಿ ನೆಲೆಸಿದ್ದರು. 1976ರಲ್ಲಿ ಸೆರ್ಬಿಯಾದ ವಿಜ್ಞಾನ ಮತ್ತು ಕಲಾ ಅಕಾಡೆಮಿಗೆ ಪತ್ರ ಬರೆದು ಸ್ಪಷ್ಟಪಡಿಸಿದರು: ಹುಟ್ಟು ಬೋಸ್ನಿಯಾದ ಮುಸ್ಲಿಂ ಕುಟುಂಬದಲ್ಲಿ, ರಾಷ್ಟ್ರೀಯತೆ ಸೆರ್ಬ್, ಬರವಣಿಗೆ ಸೆರ್ಬ್ ಸಾಹಿತ್ಯಕ್ಕೆ ಸೇರಿದ್ದು. ತನ್ನ ಮೂಲವನ್ನೂ ತನ್ನ ಆಯ್ಕೆಯನ್ನೂ ಸಮನಾಗಿ ಗೌರವಿಸುವುದಾಗಿ ಅದರಲ್ಲಿ ಹೇಳಿದರು.

1982ರಲ್ಲಿ ಅವರು ತೀರಿಕೊಂಡರು. 1992ರಿಂದ 1995ರವರೆಗೆ ಬೋಸ್ನಿಯಾ ಯುದ್ಧದಲ್ಲಿ ಬೆಂದಿತು. ಸೆರ್ಬೊ-ಕ್ರೊಯೇಷಿಯನ್ ಎನಿಸಿಕೊಂಡಿದ್ದ ಒಂದು ನುಡಿಗೆ ಹಲವು ಹೆಸರುಗಳಾದವು. ಸೆಲಿಮೊವಿಚ್ ಯಾರವರು ಎಂಬ ವಾದವೂ ಬಲಿಯಿತು. ಸೆರ್ಬರು ಆ ಪತ್ರವನ್ನು ಮುಂದಿಡುತ್ತಾರೆ: ‘ಅವರೇ ಹೇಳಿದ್ದಾರಲ್ಲ!’ ಬೋಸ್ನಿಯಾದವರು ಕಾದಂಬರಿಯನ್ನು ಮುಂದಿಡುತ್ತಾರೆ: ‘ಅದರ ಜನ, ಊರು, ಪ್ರಾರ್ಥನೆ ನಮ್ಮವಲ್ಲವೇ?’ ಸ್ವತಂತ್ರ ಬೋಸ್ನಿಯಾ ತನ್ನ ಐದು ಮಾರ್ಕಿನ ನೋಟಿನ ಮೇಲೆ ಅವರ ಚಿತ್ರ ಅಚ್ಚುಮಾಡಿತು. ಬೆಲ್‌ಗ್ರೇಡಿನಲ್ಲೂ ತುಜ್ಲಾದಲ್ಲೂ ಅವರ ಹೆಸರಿನಲ್ಲಿ ಬೇರೆ ಬೇರೆ ಸಾಹಿತ್ಯ ಪ್ರಶಸ್ತಿಗಳು ಹುಟ್ಟಿಕೊಂಡವು.

ಇಬ್ಬರೂ ಪತ್ರವನ್ನು ಅರ್ಧ ಓದಿದಂತಿದೆ. ಒಬ್ಬರು ಆಯ್ಕೆಯನ್ನು ಹಿಡಿದರು, ಇನ್ನೊಬ್ಬರು ಮೂಲವನ್ನು. ತಾನು ಯಾರೆಂದು ಹೇಳುವ ಹಕ್ಕು ಆ ಮನುಷ್ಯನದು. ಅದನ್ನು ಸರ್ಕಾರವಾಗಲಿ ನೆರೆಯವರಾಗಲಿ ಕಿತ್ತುಕೊಳ್ಳಲಾಗದು. ಆದರೆ ತನ್ನನ್ನು ಹೆತ್ತ ನೆಲವನ್ನು ಅವರು ತೊರೆಯಲೂ ಇಲ್ಲ. ಸೋದರನನ್ನು ಕಳೆದುಕೊಂಡವನ ಅಳಲಿಗೆ ಗಡಿಕಲ್ಲು ನೆಡುವವರು ಯಾರು?