ಬಾಟಲಿಯ ಜೇಡ, ಡಬ್ಬಿಯ ಜೇಡ

ಕೋಲ್ಕತ್ತದ ಪಾರ್ಕ್ ಸ್ಟ್ರೀಟ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಫ್ಲೂರೀಸ್‌ನ ಕೇಕು, ಕ್ರಿಸ್‌ಮಸ್ ದೀಪಗಳು. ಆದರೆ ಚೌರಂಗಿಯ ಕಡೆಯಿಂದ ಆ ಬೀದಿಗೆ ತಿರುಗಿದರೆ ಸಿಗುವ ಒಂದನೇ ನಂಬರಿನ ಕಟ್ಟಡ ಏಷಿಯಾಟಿಕ್ ಸೊಸೈಟಿಯದು. ವಿಲಿಯಂ ಜೋನ್ಸ್ 1784ರಲ್ಲಿ ಶುರುಮಾಡಿದ ಸಂಸ್ಥೆಗೆ 1808ರಲ್ಲಿ ಇಲ್ಲಿ ಸ್ವಂತ ಸೂರು ಸಿಕ್ಕಿತು. 1814ರಲ್ಲಿ ಒಂದು ಮ್ಯೂಸಿಯಂ ಕೂಡ ಹುಟ್ಟಿಕೊಂಡಿತು. ಶಾಸನ, ವಿಗ್ರಹ, ಹಾವು, ಚಿಟ್ಟೆ ಎಲ್ಲ ಒಂದೇ ಸೂರಿನಡಿ. ಜಾಗ ಸಾಲದೆ 1870ರ ದಶಕದಲ್ಲಿ ಆ ಸಂಗ್ರಹ ಹತ್ತಿರದಲ್ಲೇ ಎದ್ದ ಇಂಡಿಯನ್ ಮ್ಯೂಸಿಯಮ್ಮಿನ ಹೊಸ ಕಟ್ಟಡಕ್ಕೆ ಹೋಯಿತು.

ಭಾರತದ ಟಾರಂಟುಲಾಗಳ ಒಂದು ಒಳ್ಳೆಯ ಕತೆ ಈ ಎರಡು ಕಟ್ಟಡಗಳ ನಡುವೆಯೇ ಇದೆ. ಅದೇ ದಶಕದಲ್ಲಿ ಜೇಮ್ಸ್ ವುಡ್-ಮೇಸನ್ ಎಂಬ ಮ್ಯೂಸಿಯಂ ಅಧಿಕಾರಿ ಸೊಸೈಟಿಯ ಮುಂದೆ ಒಂದು ವಿಚಿತ್ರ ಸಂಗತಿ ಇಟ್ಟ: ಅಸ್ಸಾಮಿನ ಒಂದು ದೈತ್ಯ ಜೇಡ ಸದ್ದು ಮಾಡುತ್ತದೆ. ಸದ್ದು ಕೇಳಿಸಿಕೊಂಡವನು ಅವನಲ್ಲ, ಶಿವಸಾಗರದ ಕಡೆ ಚಹಾ ತೋಟ ನಡೆಸುತ್ತಿದ್ದ ಎಸ್. ಇ. ಪೀಲ್. ಕೆಣಕಿದಾಗ ಆ ಜೇಡ ಹಿಂದಿನ ನಾಲ್ಕು ಕಾಲಿನ ಮೇಲೆ ನಿಂತು, ಮುಂದಿನ ನಾಲ್ಕನ್ನು ಗಾಳಿಯಲ್ಲಿ ಬೀಸುತ್ತ ಸದ್ದು ಹೊರಡಿಸುತ್ತಿತ್ತಂತೆ. ಸಣ್ಣ ಸೀಸದ ಗುಂಡುಗಳನ್ನು ತಟ್ಟೆಗೆ ಸುರಿದ ಹಾಗೆ, ಇಲ್ಲವೇ ಗಟ್ಟಿ ಬಾಚಣಿಗೆಯ ಹಲ್ಲುಗಳ ಮೇಲೆ ಚಾಕುವಿನ ಬೆನ್ನು ಎಳೆದ ಹಾಗೆ ಎಂಬುದು ಆ ಸದ್ದಿಗೆ ಸಿಕ್ಕ ಹೋಲಿಕೆ. ವುಡ್-ಮೇಸನ್ ಸತ್ತ ಜೇಡದ ಬಾಯಿಯ ಬಳಿ ಹುಡುಕಿ, ಒಂದಕ್ಕೊಂದು ಉಜ್ಜುವ ಮುಳ್ಳುಗಳನ್ನೂ ಕಡ್ಡಿಗಳ ಸಾಲನ್ನೂ ತೋರಿಸಿದ. 1877ರಲ್ಲಿ ಆ ಜೇಡಕ್ಕೆ ಸಿಕ್ಕ ಹೆಸರೂ ಸದ್ದಿನದೇ, ಸ್ಟ್ರಿಡುಲನ್ಸ್. ಈಗ ಅದು ಕಿಲೋಬ್ರಾಕಿಸ್ ಎಂಬ ಕುಲದಲ್ಲಿದೆ.

ಬಾಟಲಿಯ ಜೇಡದಲ್ಲಿ ವಾದ್ಯ ಕಾಣುತ್ತದೆ, ಸದ್ದು ಕೇಳಬೇಕಾದರೆ ಬದುಕಿರುವ ಜೇಡವೇ ಬೇಕು. ಪೀಲ್ ಇರದಿದ್ದರೆ ಆ ಮುಳ್ಳುಗಳು ಏತಕ್ಕೆಂದು ವುಡ್-ಮೇಸನ್‌ಗೆ ಹೊಳೆಯುತ್ತಿತ್ತೇ ಎಂಬುದು ಅನುಮಾನ.

ಆಮೇಲಿನ ದಶಕಗಳು ಬಾಟಲಿಗಳವು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತ ಆರ್. ಐ. ಪೊಕಾಕ್ ಭಾರತದಿಂದ ಬಂದ ಜೇಡಗಳಿಗೆ ಸಾಲುಸಾಲಾಗಿ ಹೆಸರಿಟ್ಟ. 1900ರಲ್ಲಿ ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಗ್ರಂಥಮಾಲೆಗೆ ಅರಾಕ್ನಿಡಾ ಸಂಪುಟ ಬರೆದ. 1899ರಲ್ಲಿ ಅವನು ವಿವರಿಸಿದ ಒಂದು ಜೇಡ ಮಾತ್ರ ಬೇರೆಯೇ ಬಗೆಯದು: ಮೈಯೆಲ್ಲ ಲೋಹದಂಥ ನೀಲಿ, ಕಾಲುಗಳ ಮೇಲೆ ಹಳದಿ ಪಟ್ಟೆ. ಹೆಸರು ಪೀಸಿಲೋಥೀರಿಯಾ ಮೆಟಾಲಿಕಾ. ಸಿಕ್ಕ ಜಾಗ ಗುತ್ತಿಯ ರೈಲ್ವೆಯ ಮರದ ದಿಮ್ಮಿಗಳ ಅಂಗಳ. ಬಳ್ಳಾರಿಯ ನೆರೆಯ ಅನಂತಪುರ ಜಿಲ್ಲೆಯ, ಕೋಟೆಯಲ್ಲಿ ಹಳೆಯ ಕನ್ನಡ ಶಾಸನಗಳಿರುವ ಅದೇ ಗುತ್ತಿ.

ಮರದ ಪೊಟರೆಯಲ್ಲಿ ಬಾಳುವ ಜೇಡಕ್ಕೆ ರೈಲ್ವೆ ಅಂಗಳದಲ್ಲಿ ಏನು ಕೆಲಸ? ದಿಮ್ಮಿಯ ಜೊತೆ ಎಲ್ಲಿಂದಲೋ ಬಂದಿರಬೇಕು. ಆದರೆ ಪಟ್ಟಿಗೆ ಬೇಕಾದದ್ದು ಒಂದು ಊರಿನ ಹೆಸರು, ಗುತ್ತಿ ಅದರಲ್ಲಿ ಕೂತುಬಿಟ್ಟಿತು. ನೂರು ವರ್ಷ ಆ ಜೇಡ ಮತ್ತೆ ಯಾರ ಕಣ್ಣಿಗೂ ಬಿದ್ದ ದಾಖಲೆಯಿಲ್ಲ. 2001ರಲ್ಲಿ ಸಿಕ್ಕಿದ್ದು ಗುತ್ತಿಯಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. 2008ರಲ್ಲಿ ಐಯುಸಿಎನ್ ಅದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ ಎಂದು ಗುರುತಿಸಿತು. ಅದಕ್ಕೆ ಉಳಿದ ನೆಲೆ ನೂರು ಚದರ ಕಿಲೋಮೀಟರಿಗೂ ಕಡಿಮೆ, ಅಲ್ಲೂ ಸೌದೆಗೆಂದು ಮರ ಕಡಿಯುವುದು ನಿಂತಿಲ್ಲ.

ಇಲ್ಲಿ ಡಬ್ಬಿಯ ಕತೆ ಶುರುವಾಗುತ್ತದೆ. ಯುರೋಪು, ಅಮೆರಿಕಗಳಲ್ಲಿ ಟಾರಂಟುಲಾ ಸಾಕುವವರು ಆ ಹೊತ್ತಿಗಾಗಲೇ ಬಹಳ ಮಂದಿ. ಬ್ರಿಟನ್ನಿನಲ್ಲಿ 1984ರಿಂದ ಅವರದೇ ಒಂದು ಸಂಘವಿದೆ. ನೀಲಿ ಜೇಡ ಕೆಲವೇ ವರ್ಷಗಳಲ್ಲಿ ಅವರ ಮನೆಗಳಲ್ಲಿ ಮರಿಹಾಕತೊಡಗಿತು. ಮೊದಲ ತಾಯಂದಿರು ಆ ಪುಟ್ಟ ಕಾಡಿನಿಂದಲೇ ಹೋಗಿರಬೇಕು, ಬೇರೆ ಎಲ್ಲಿಂದಲೂ ಹೋಗುವ ಹಾಗಿರಲಿಲ್ಲ.

ಸಾಕುವ ಕ್ರಮ ಹೊರನೋಟಕ್ಕೆ ಸರಳ. ಮರವಾಸಿ ಜೇಡಕ್ಕೆ ಅಗಲಕ್ಕಿಂತ ಎತ್ತರ ಹೆಚ್ಚಿರುವ ಡಬ್ಬಿ, ಗಾಳಿಯಾಡಲು ಪಕ್ಕಗಳಲ್ಲಿ ತೂತು, ತಳದಲ್ಲಿ ತುಸು ತೇವವಿರುವ ತೆಂಗಿನ ನಾರಿನ ಪುಡಿ, ನೆಟ್ಟಗೆ ಒರಗಿಸಿದ ಕಾರ್ಕ್ ತೊಗಟೆ, ಸಣ್ಣ ಬಟ್ಟಲಲ್ಲಿ ನೀರು. ತೊಗಟೆಯ ಹಿಂದೆ ಜೇಡ ಬಲೆಯ ಕೊಳವೆ ನೇಯ್ದು ಅಡಗುತ್ತದೆ. ವಾರಕ್ಕೊಮ್ಮೆ ಒಂದು ಜಿರಳೆಯೋ ಮಿಡತೆಯೋ ಸಾಕು. ಪೊರೆ ಕಳಚಿದ ಹೊಸತರಲ್ಲಿ ಅದೂ ಬೇಡ, ಹಲ್ಲು ಗಟ್ಟಿಯಾಗಿರುವುದಿಲ್ಲ. ಆಗ ಬಿಟ್ಟ ಮಿಡತೆ ಜೇಡವನ್ನೇ ಕಚ್ಚಬಹುದು. ಅಮೆರಿಕ ಖಂಡದ ಎಷ್ಟೋ ಟಾರಂಟುಲಾಗಳಂತೆ ತುರಿಸುವ ರೋಮ ಉದುರಿಸುವುದು ನಮ್ಮ ಜೇಡಗಳಿಗೆ ಗೊತ್ತಿಲ್ಲ. ಅವಕ್ಕಿರುವುದು ಓಟ ಮತ್ತು ವಿಷ. ಪೀಸಿಲೋಥೀರಿಯಾ ಕಚ್ಚಿದರೆ ಸಾಯುವುದಿಲ್ಲ, ಆದರೆ ಸ್ನಾಯು ಹಿಡಿತದ ನೋವು ದಿನಗಟ್ಟಲೆ ಕಾಡುತ್ತದೆ. ಅನುಭವಿಗಳು ಅದನ್ನು ಕೈಮೇಲೆ ಬಿಟ್ಟುಕೊಳ್ಳುವುದಿಲ್ಲ.

ಮರಿ ಮಾಡಿಸುವುದು ತಾಳ್ಮೆಯ ಕೆಲಸ. ಗಂಡು ಕೊನೆಯ ಸಲ ಪೊರೆ ಕಳಚಿದ ಮೇಲೆ ಒಂದು ಪುಟ್ಟ ಬಲೆ ನೇಯ್ದು, ಅದರ ಮೇಲೆ ವೀರ್ಯ ಬಿಟ್ಟು, ಮುಂಗೈಯಂಥ ಅಂಗಗಳ ತುದಿಗೆ ತುಂಬಿಕೊಳ್ಳುತ್ತದೆ. ಆಗ ಅದನ್ನು ಹೆಣ್ಣಿನ ಡಬ್ಬಿಗೆ ಬಿಡಬೇಕು. ಗಂಡು ತೊಗಟೆಯನ್ನು ತಟ್ಟುತ್ತದೆ, ಒಪ್ಪಿಗೆಯಿದ್ದರೆ ಹೆಣ್ಣೂ ತಟ್ಟಿ ಉತ್ತರಿಸುತ್ತದೆ. ಕೂಡಿಕೆ ಆದರೂ ಮೊಟ್ಟೆಯ ಚೀಲಕ್ಕೆ ತಿಂಗಳುಗಟ್ಟಲೆ ಕಾಯಬೇಕು. ನಡುವೆ ಹೆಣ್ಣು ಪೊರೆ ಕಳಚಿಬಿಟ್ಟರೆ ಕಾದದ್ದೆಲ್ಲ ವ್ಯರ್ಥ, ಒಳಗೆ ಕೂಡಿಟ್ಟ ವೀರ್ಯವೂ ಪೊರೆಯ ಜೊತೆಗೇ ಹೋಗುತ್ತದೆ. ಎಲ್ಲ ಸರಿಹೋದರೆ ನೂರರ ಆಸುಪಾಸು ಮರಿ. ಹೆಣ್ಣು ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಪ್ರಾಯಕ್ಕೆ ಬಂದ ಗಂಡಿಗೆ ಉಳಿದಿರುವುದು ಕೆಲವು ತಿಂಗಳು. ಇದರಲ್ಲಿ ಎಷ್ಟೋ ವಿವರ ಗೊತ್ತಾದದ್ದು ಹವ್ಯಾಸಿಗಳ ಕಪಾಟುಗಳಿಂದ, ಮ್ಯೂಸಿಯಂಗಳಿಂದಲ್ಲ.

ಹಾಗೆಂದು ಹವ್ಯಾಸಿಗಳು ಕಾಡು ಉಳಿಸಿದರು ಎನ್ನುವುದು ಉತ್ಪ್ರೇಕ್ಷೆ. ಡಬ್ಬಿಯಲ್ಲಿ ಹುಟ್ಟಿದ ಮರಿ ಅಗ್ಗವಾದರೆ ಕಾಡಿನ ಜೇಡ ಹಿಡಿಯುವ ಆಸೆ ತಗ್ಗಬಹುದು, ನಿಜ. ಆದರೆ ಡಬ್ಬಿಯ ನೂರು ಮರಿಗಳಿಂದ ನಲ್ಲಮಲದಲ್ಲಿ ಒಂದು ಮರವೂ ಹೆಚ್ಚಾಗುವುದಿಲ್ಲ. ಇನ್ನು ಹೆಸರುಗಳನ್ನು ನೋಡಿ. ಹವ್ಯಾಸಿಗಳ ಬಾಯಲ್ಲಿ ಅದು ಇಂದಿಗೂ ಗುತ್ತಿ. ಪೀಸಿಲೋಥೀರಿಯಾ ಸ್ಟ್ರಯಾಟಾ ಎಂಬ ಇನ್ನೊಂದು ಜೇಡ ಮೈಸೂರು ಆರ್ನಮೆಂಟಲ್. ಲೈಪ್‌ಜಿಗ್‌ನಲ್ಲೋ ಟೆಕ್ಸಸ್‌ನಲ್ಲೋ ಡಬ್ಬಿಯ ಮೇಲೆ ಮೈಸೂರು ಎಂದು ಬರೆದಿರುತ್ತದೆ, ಮೈಸೂರಿನಲ್ಲಿ ಆ ಜೇಡದ ಹೆಸರು ಕೇಳಿದವರೇ ವಿರಳ.

ಕಾನೂನು ತಡವಾಗಿ ಬಂತು. ಮೆಕ್ಸಿಕೋದ ಕೆಂಪು ಮಂಡಿಯ ಟಾರಂಟುಲಾ 1985ರಲ್ಲೇ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿತ್ತು. ಪೀಸಿಲೋಥೀರಿಯಾ ಕುಲ ಸೇರಿದ್ದು 2019ರಲ್ಲಿ, ಶ್ರೀಲಂಕಾ ಮತ್ತು ಅಮೆರಿಕ ತಂದ ಪ್ರಸ್ತಾಪದಿಂದ. ಭಾರತದಲ್ಲಿ 2022ರ ವನ್ಯಜೀವಿ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಸೈಟಿಸ್ ಪಟ್ಟಿಯ ವಿದೇಶಿ ಜೀವಿಗಳನ್ನು ಮನೆಯಲ್ಲಿಟ್ಟವರು ನೋಂದಾಯಿಸಬೇಕು, ಹುಟ್ಟು ಸಾವುಗಳನ್ನೂ ತಿಳಿಸಬೇಕು. ಬೆಕ್ಕಿನ ಗಾತ್ರದ ಪ್ರಾಣಿಗೆ ಇದು ಸರಿ. ಒಂದೇ ರಾತ್ರಿ ಚೀಲ ಬಿಚ್ಚಿ ನೂರು ಮರಿ ಹೊರಬಂದರೆ ಅರ್ಜಿ ತುಂಬುವವರ ಪಾಡು ಊಹಿಸಬಹುದು.

ಪೀಲ್‌ನ ಜೇಡಕ್ಕೆ ಮಾತ್ರ ಇಂಥ ಅಭಿಮಾನಿಗಳು ಕಡಿಮೆ. 2012ರಲ್ಲಿ ಮೇಲಿನ ಅಸ್ಸಾಮಿನ ಸದಿಯಾದಲ್ಲಿ ದೊಡ್ಡ ಜೇಡಗಳು ಜನರನ್ನು ಕಚ್ಚುತ್ತಿವೆಯೆಂಬ ಸುದ್ದಿ ಹಬ್ಬಿ ಊರೇ ಹೆದರಿತು. ಅದು ಯಾವ ಜೇಡ ಎಂಬ ಪ್ರಶ್ನೆಗೆ ಕೇಳಿಬಂದ ಹೆಸರುಗಳಲ್ಲಿ ಕಿಲೋಬ್ರಾಕಿಸ್ ಕುಲವೂ ಒಂದು. ಪಾರ್ಕ್ ಸ್ಟ್ರೀಟಿನಲ್ಲಿ ಅದರ ಸದ್ದಿನ ಚರ್ಚೆ ನಡೆದು ಆಗಲೇ ನೂರ ಮೂವತ್ತು ವರ್ಷ ದಾಟಿತ್ತು.